ಅಂಧತ್ವ ನಿವಾರಣೆ: ಡಾ. ಎಂ. ಸಿ. ಮೋದಿ ಅವರ ಶಿಬಿರ ಪದ್ಧತಿ ಮತ್ತು ಅದರ ಪರಿಣಾಮ

ಅಂಧತ್ವ ನಿವಾರಣೆಯ ಚರಿತ್ರೆಯನ್ನು ಸಾಮಾನ್ಯವಾಗಿ ಶಸ್ತ್ರವೈದ್ಯದ ಪ್ರಗತಿಯ ಚರಿತ್ರೆಯನ್ನಾಗಿ ನಿರೂಪಿಸಲಾಗುತ್ತದೆ. ಆದರೆ ಕಣ್ಣಿನ ಪೊರೆಯನ್ನು ತೆಗೆಯುವ ವಿದ್ಯೆ ವೈದ್ಯರಿಗೆ ಕರಗತವಾದ ಮೇಲೂ ಲಕ್ಷಾಂತರ ಜನ ಕುರುಡರಾಗಿಯೇ ಉಳಿದರೆಂಬುದು ವಾಸ್ತವ. ಇಂದಿನ ವಿಜಯಪುರ ಜಿಲ್ಲೆಯ ಬಿಜ್ಜರಗಿಯಂತಹ ಬೆದ್ದಲು ಸೀಮೆಯ ಹಳ್ಳಿಯ ವೃದ್ಧ ಒಕ್ಕಲಿಗನಿಗೆ, ಸ್ವಾತಂತ್ರ್ಯಪೂರ್ವದ ದಿನಗಳಲ್ಲಿ, ಪಟ್ಟಣದ ಆಸ್ಪತ್ರೆಯೆಂಬುದು ಹಣ, ದಾರಿ ಮತ್ತು ಜೊತೆಗೆ ಬರುವ ಒಬ್ಬ ಮನುಷ್ಯ ಈ ಮೂರನ್ನೂ ಬೇಡುತ್ತಿತ್ತು. ಮುಪ್ಪು ಬಂದರೆ ಕಣ್ಣು ಹೋಗುವುದು ಸಹಜವೆಂಬ ನಂಬಿಕೆ ಈ ಅಸಹಾಯಕತೆಯಿಂದಲೇ ಬೆಳೆದದ್ದು. ಈ ಅಂತರವನ್ನು ಕಡಿಮೆ ಮಾಡುವುದನ್ನೇ ಜೀವನದ ಕಾಯಕವಾಗಿಸಿಕೊಂಡವರು ಅದೇ ಅವಿಭಜಿತ ಬಿಜಾಪುರ ಜಿಲ್ಲೆಯವರಾದ ಡಾ. ಮುರಿಗೆಪ್ಪ ಚನ್ನವೀರಪ್ಪ ಮೋದಿ.

ಮೋದಿಯವರು 1916ರಲ್ಲಿ ಬೀಳಗಿಯಲ್ಲಿ ಜನಿಸಿದರು. ಅಂದು ಮುಂಬಯಿ ಪ್ರಾಂತದ ಬಿಜಾಪುರ ಜಿಲ್ಲೆಗೆ ಸೇರಿದ್ದ ಬೀಳಗಿ, 1997ರ ವಿಭಜನೆಯ ತರುವಾಯ ಬಾಗಲಕೋಟೆ ಜಿಲ್ಲೆಯಲ್ಲಿದೆ. ಗಾಂಧೀಜಿಯವರ ಸೇವಾದರ್ಶದಿಂದ ಪ್ರಭಾವಿತರಾದ ಅವರು 1943ರಿಂದ ಸಾಮೂಹಿಕ ಉಚಿತ ನೇತ್ರಚಿಕಿತ್ಸೆಯನ್ನು ಕೈಗೊಂಡರು. ರೋಗಿಯು ವೈದ್ಯನ ಬಳಿಗೆ ಬರಬೇಕೆಂಬ ರೂಢಿಯನ್ನು ತಿರುಗಿಸಿ, ವೈದ್ಯನೇ ಹಳ್ಳಿಗೆ ಹೋಗುವ ಪದ್ಧತಿಯಿದು. ಊರಿನ ಶಾಲೆ, ಛತ್ರಗಳು ತಾತ್ಕಾಲಿಕ ಆಸ್ಪತ್ರೆಗಳಾದವು. ಸ್ಥಳೀಯ ದಾನಿಗಳೂ ಸ್ವಯಂಸೇವಕರೂ ಊಟ, ವಸತಿ, ಶುಶ್ರೂಷೆಯ ಹೊಣೆ ಹೊತ್ತರು. ಸಿದ್ಧತೆಯ ಕೆಲಸಗಳನ್ನು ಸಹಾಯಕರು ಹಂಚಿಕೊಂಡು, ಶಸ್ತ್ರಕ್ರಿಯೆಯನ್ನಷ್ಟೇ ವೈದ್ಯರಿಗೆ ಬಿಡುವ ಶ್ರಮವಿಭಜನೆಯೇ ಅವರ ವೇಗದ ಮೂಲ. ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆಗಳನ್ನು ಮಾಡಿದ ಸಾಧನೆಯನ್ನು ಗಿನ್ನೆಸ್ ದಾಖಲೆಗಳ ಪುಸ್ತಕವು ನಮೂದಿಸಿದೆ. ಅವರ ಜೀವಮಾನದ ಶಸ್ತ್ರಚಿಕಿತ್ಸೆಗಳು ಆರು ಲಕ್ಷಕ್ಕೂ ಮಿಕ್ಕವು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಅವರಿಗೆ ಸಂದವು. ಜನರು ಮಾತ್ರ ಅವರನ್ನು ‘ಕಣ್ಣು ಕೊಟ್ಟ ಅಣ್ಣ’ ಎಂದೇ ಕರೆದರು. ಅವರು 2005ರ ನವೆಂಬರ್‌ನಲ್ಲಿ ನಿಧನರಾದರು.

ಈ ಸಂಖ್ಯೆಗಳನ್ನು ಅಂದಿನ ಶಸ್ತ್ರತಂತ್ರದ ಹಿನ್ನೆಲೆಯಲ್ಲಿಟ್ಟು ನೋಡುವುದು ಅಗತ್ಯ. ಆಗ ಪ್ರಚಲಿತವಾಗಿದ್ದ ವಿಧಾನದಲ್ಲಿ ಪೊರೆಗಟ್ಟಿದ ಮಸೂರವನ್ನು ಅದರ ಕೋಶಸಮೇತ ಹೊರತೆಗೆಯಲಾಗುತ್ತಿತ್ತು. ಮಸೂರವಿಲ್ಲದ ಕಣ್ಣಿಗೆ ಸುಮಾರು ಹತ್ತು ಡಯಾಪ್ಟರ್ ಶಕ್ತಿಯ ದಪ್ಪ ಕನ್ನಡಕ ಅನಿವಾರ್ಯ. ಆ ಕನ್ನಡಕ ಒಡೆದರೆ ಅಥವಾ ಕಳೆದುಹೋದರೆ ಶಸ್ತ್ರಚಿಕಿತ್ಸೆ ಯಶಸ್ವಿಯಾಗಿದ್ದರೂ ವ್ಯಕ್ತಿ ವ್ಯವಹಾರದಲ್ಲಿ ಮತ್ತೆ ಕುರುಡನೇ. ಜೊತೆಗೆ, ಶಿಬಿರವು ಮುಗಿದ ಮೇಲೆ ಸೋಂಕು ಕಾಣಿಸಿಕೊಂಡರೆ ನೋಡುವವರು ಹತ್ತಿರದಲ್ಲಿರುತ್ತಿರಲಿಲ್ಲ. ಇದು ಒಬ್ಬ ವೈದ್ಯರ ದೋಷವಲ್ಲ, ಪದ್ಧತಿಯ ಮಿತಿ. ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ 1949ರಲ್ಲಿಯೇ ಕೃತಕ ಮಸೂರವನ್ನು ಕಣ್ಣಿನೊಳಗೆ ಅಳವಡಿಸಿದ್ದರೂ, ಅದು ಭಾರತದ ಬಡವರಿಗೆ ಎಟುಕಿದ್ದು 1992ರಲ್ಲಿ ಮಧುರೆಯಲ್ಲಿ ಅರೋಲ್ಯಾಬ್ ಆರಂಭವಾಗಿ ಅಗ್ಗದ ಮಸೂರಗಳು ತಯಾರಾದ ತರುವಾಯ.

1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವು ಮೊದಲಲ್ಲಿ ಶಿಬಿರ ಪದ್ಧತಿಯನ್ನೇ ಬಹುವಾಗಿ ಅವಲಂಬಿಸಿತು. ಕೃತಕ ಮಸೂರಕ್ಕೆ ಸೂಕ್ಷ್ಮದರ್ಶಕವೂ ಸುಸಜ್ಜಿತ ಶಸ್ತ್ರಕೊಠಡಿಯೂ ಬೇಕಾದುದರಿಂದ ನೀತಿ ಕ್ರಮೇಣ ಬದಲಾಯಿತು: ತಪಾಸಣೆ ಹಳ್ಳಿಯಲ್ಲಿ, ಶಸ್ತ್ರಚಿಕಿತ್ಸೆ ಆಸ್ಪತ್ರೆಯಲ್ಲಿ. ವಿಜಯಪುರದಲ್ಲಿಯೇ 1986ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ವೈದ್ಯಕೀಯ ಮಹಾವಿದ್ಯಾಲಯ ಸ್ಥಾಪನೆಯಾದದ್ದನ್ನು ಇಲ್ಲಿ ಸ್ಮರಿಸಬಹುದು. ಸುಸಜ್ಜಿತ ಆಸ್ಪತ್ರೆಗಳು ಜಿಲ್ಲಾ ಕೇಂದ್ರಗಳವರೆಗೆ ಬಂದುದರಿಂದಲೇ ಈ ಬದಲಾವಣೆ ಸಾಧ್ಯವಾಯಿತು.

ಫಲಿತಾಂಶವನ್ನು ಅಳೆಯುವಾಗ ಸಂಶೋಧಕರು ಎಚ್ಚರ ವಹಿಸಬೇಕು. 1971–74ರ ಸಮೀಕ್ಷೆಯಲ್ಲಿ ಶೇ. 1.38ರಷ್ಟಿದ್ದ ಅಂಧತ್ವದ ಪ್ರಮಾಣವು 2015–19ರ ಸಮೀಕ್ಷೆಯ ಅಂದಾಜಿನಲ್ಲಿ ಶೇ. 0.36ಕ್ಕೆ ಇಳಿದಿದೆ. ಆದರೆ ಮೊದಲನೆಯದರ ಮಾನದಂಡ 6/60, ಎರಡನೆಯದರದು 3/60. ಭಾರತವು 2017ರಲ್ಲಿ ಅಂಧತ್ವದ ವ್ಯಾಖ್ಯೆಯನ್ನೇ ಬದಲಿಸಿತು. ಆದ್ದರಿಂದ ಇಳಿಕೆಯೆಲ್ಲವೂ ಚಿಕಿತ್ಸೆಯ ಫಲವೆನ್ನಲಾಗದು. ಐವತ್ತು ಮೀರಿದವರ ಅಂಧತ್ವದಲ್ಲಿ ಶೇ. 66.2 ಪೊರೆಯಿಂದಲೇ ಉಂಟಾದುದೆಂದೂ, ಶೇ. 7.2 ಪೊರೆಯ ಶಸ್ತ್ರಚಿಕಿತ್ಸೆಯ ತೊಡಕುಗಳಿಂದ ಉಂಟಾದುದೆಂದೂ ಅದೇ ಸಮೀಕ್ಷೆ ತಿಳಿಸುತ್ತದೆ. ಗುಣಪಡಿಸಬಹುದಾದ ಕಾರಣವೇ ಇನ್ನೂ ಅಗ್ರಸ್ಥಾನದಲ್ಲಿದೆ. ಶಸ್ತ್ರಚಿಕಿತ್ಸೆಗಳ ಸಂಖ್ಯೆಯಷ್ಟೇ ಸಾಲದೆಂಬುದೂ ಇದರಿಂದ ಸ್ಪಷ್ಟ.

ಹೀಗೆ ನೋಡಿದಾಗ ಮೋದಿಯವರ ಕೊಡುಗೆಯನ್ನು ದಾಖಲೆಯ ಅಂಕಿಗಳಿಗೆ ಸೀಮಿತಗೊಳಿಸುವುದು ಉಚಿತವಲ್ಲ. ಶಾಲೆಯ ಕೊಠಡಿಯಲ್ಲಿ ನಡೆಯುತ್ತಿದ್ದ ಶಸ್ತ್ರಚಿಕಿತ್ಸೆ ಕಾಲಕ್ಕೆ ಸಂದಿತು, ಅದು ಸಲ್ಲಬೇಕಾದದ್ದೇ. ಉಳಿಯಬೇಕಾದುದು, ಕುರುಡುತನವು ವಿಧಿಯಲ್ಲವೆಂದು ಹಳ್ಳಿಗೆ ಮನವರಿಕೆ ಮಾಡಿಕೊಟ್ಟ ಅವರ ನಡೆ. ಜಿಲ್ಲಾ ಕೇಂದ್ರದಲ್ಲಿ ಎಷ್ಟೇ ಉತ್ತಮ ಆಸ್ಪತ್ರೆಯಿದ್ದರೂ, ಬಿಜ್ಜರಗಿಯ ಒಂಟಿ ವೃದ್ಧೆಯನ್ನು ಅಲ್ಲಿಗೆ ಕರೆದೊಯ್ಯುವವರು ಯಾರು, ಶಸ್ತ್ರಚಿಕಿತ್ಸೆಯ ಬಳಿಕ ಆಕೆಯ ದೃಷ್ಟಿಯನ್ನು ಮತ್ತೆ ಪರೀಕ್ಷಿಸುವವರು ಯಾರು ಎಂಬ ಪ್ರಶ್ನೆಗಳಿಗೆ ಉತ್ತರ ದೊರೆತಾಗಲೇ ಅಂಧತ್ವ ನಿವಾರಣೆಯೆಂಬ ಮಾತಿಗೆ ಅರ್ಥ ಬರುತ್ತದೆ.