ಕುಂದಾಪುರ ಸೀಮೆಯಲ್ಲಿ ವಿವಾಹ ವಿಚ್ಛೇದನ: ಕಟ್ಟಳೆಯಿಂದ ನ್ಯಾಯಾಲಯದವರೆಗೆ

ಕುಂದಾಪುರದಿಂದ ಉತ್ತರಕ್ಕೆ ಸಾಗುವ ಹೆದ್ದಾರಿಯಲ್ಲಿ ಕೊಲ್ಲೂರಿನ ಮಾರ್ಗವು ಕವಲೊಡೆಯುವ ಸ್ಥಳವೇ ಹೆಮ್ಮಾಡಿ. ಸೇವಂತಿಗೆಯ ಬೆಳೆಗೆ ಹೆಸರಾದ ಈ ಗ್ರಾಮವೂ ಇದರ ಸುತ್ತಣ ಊರುಗಳೂ ವಿವಾಹ ಶಾಸನದ ಇತಿಹಾಸವನ್ನು ಅಭ್ಯಸಿಸುವವರಿಗೆ ಗಮನಾರ್ಹವಾದ ಕ್ಷೇತ್ರವಾಗಿವೆ. ಬಂಟರು, ಬಿಲ್ಲವರು, ಮೊಗವೀರರು ಮುಂತಾದವರಲ್ಲಿ ಅಳಿಯಸಂತಾನ ಕಟ್ಟು, ಬ್ರಾಹ್ಮಣಾದಿಗಳಲ್ಲಿ ಮಕ್ಕಳಸಂತಾನ ಕಟ್ಟು ಇಲ್ಲಿ ಬಹುಕಾಲದಿಂದ ನೆರೆಹೊರೆಯಾಗಿ ನಡೆದುಬಂದಿವೆ. ಇದರ ಫಲವಾಗಿ, ಒಂದು ಮನೆಯ ಹೆಣ್ಣುಮಗಳು ಯಾವ ವ್ಯಾಜ್ಯವೂ ಇಲ್ಲದೆ ದಾಂಪತ್ಯದಿಂದ ಹೊರಬರಬಹುದಾಗಿದ್ದ ಕಾಲದಲ್ಲಿ, ನೆರೆಮನೆಯ ಹೆಣ್ಣುಮಗಳು ಎಷ್ಟು ವ್ಯಾಜ್ಯ ಹೂಡಿದರೂ ಹೊರಬರುವಂತಿರಲಿಲ್ಲ. ಇಂದು ಇಬ್ಬರೂ ಒಂದೇ ಕಾಯಿದೆಯ ಕೆಳಗೆ, ಒಂದೇ ಬಗೆಯ ಅರ್ಜಿಯನ್ನು ಹಿಡಿದು ನ್ಯಾಯಾಲಯಕ್ಕೆ ಹೋಗಬೇಕಾಗಿದೆ. ಈ ಮಾರ್ಪಾಡು ಹೇಗೆ ಸಂಭವಿಸಿತು, ಅದರಿಂದ ದೊರೆತುದೇನು, ಒಂದು ಪಕ್ಷದವರು ಒಪ್ಪದೆ ಎದುರಿಸುವ ವಿಚ್ಛೇದನದ ಅರ್ಜಿಯು ಈಗ ಯಾವ ಮಾರ್ಗದಲ್ಲಿ ಸಾಗುತ್ತದೆ, ಅದರಲ್ಲಿ ವಕೀಲರ ಪಾತ್ರವೇನು ಎಂಬುದನ್ನು ಈ ಲೇಖನದಲ್ಲಿ ವಿವೇಚಿಸಲು ನಾವು ಉದ್ದೇಶಿಸಿದ್ದೇವೆ. ಹಿಂದೂ ವಿವಾಹಗಳಿಗೆ ಮಾತ್ರ ನಮ್ಮ ವಿವೇಚನೆಯು ಸೀಮಿತವಾಗಿದೆ.

೧. ಹಿಂದಿನ ಕಟ್ಟಳೆ

ಅಳಿಯಸಂತಾನ ಪದ್ಧತಿಯಲ್ಲಿ ಸ್ತ್ರೀಯು ಮದುವೆಯಾದ ಮೇಲೂ ತನ್ನ ತಾಯಿಯ ಕುಟುಂಬದ ಸದಸ್ಯಳಾಗಿಯೇ ಉಳಿಯುತ್ತಿದ್ದಳು. ಆಕೆಯ ಮಕ್ಕಳು ಆಕೆಯ ಕವರಿಗೆ ಸೇರಿದವರು. ಅವರ ಪಾಲನೆಯ ಹೊಣೆ ಕುಟುಂಬದ ಯಜಮಾನನದು ಅಥವಾ ಯಜಮಾನಿತಿಯದು. ಗಂಡನ ಸ್ವಾರ್ಜಿತವು ಅವನ ಮರಣಾನಂತರ ಅವನ ಕುಟುಂಬಕ್ಕೆ ಸಲ್ಲುತ್ತಿತ್ತೇ ಹೊರತು ಹೆಂಡತಿ ಮಕ್ಕಳಿಗಲ್ಲ. ಹೀಗಿರುವುದರಿಂದ ದಂಪತಿಗಳು ಅಗಲಿದಾಗ ಪಾಲಿಸಬೇಕಾದ ಆಸ್ತಿಯಾಗಲಿ, ಇತ್ಯರ್ಥಪಡಿಸಬೇಕಾದ ಜೀವನಾಂಶವಾಗಲಿ ವಿಶೇಷವಾಗಿ ಇರುತ್ತಿರಲಿಲ್ಲ. ಉಭಯ ಮನೆಗಳ ಹಿರಿಯರ ಸಮಕ್ಷಮದಲ್ಲಿ ಬಿಡುಗಡೆಯಾಗುತ್ತಿತ್ತು. ಹೆಣ್ಣು ತನ್ನ ಕುಟುಂಬದ ಮನೆಗೆ ಮರಳುತ್ತಿದ್ದಳು.

ಈ ಸೌಲಭ್ಯವೇ ಬ್ರಿಟಿಷ್ ನ್ಯಾಯಾಲಯಗಳ ದೃಷ್ಟಿಯಲ್ಲಿ ಒಂದು ದೋಷವಾಗಿ ಪರಿಣಮಿಸಿತು. ೧೮೮೩ರ ಮದ್ರಾಸ್ ನ್ಯಾಯವರದಿಗಳಲ್ಲಿ ಪ್ರಕಟವಾಗಿರುವ ಕೊರಗ ಎಂಬವನ ಮೊಕದ್ದಮೆಯಲ್ಲಿ, ಉಭಯರಲ್ಲಿ ಒಬ್ಬರು ತಮ್ಮ ಇಚ್ಛೆಯಂತೆ ಮುರಿಯಬಹುದಾದ ಅಳಿಯಸಂತಾನ ಸಂಬಂಧವನ್ನು ದಂಡಸಂಹಿತೆಯು ಹೇಳುವ ವಿವಾಹವೆಂದು ಎಣಿಸಲಾಗದೆಂಬ ನಿಲುವನ್ನು ಮದ್ರಾಸ್ ಹೈಕೋರ್ಟು ತಳೆಯಿತು. ಸಮಾಜವು ಮದುವೆಯೆಂದು ಕಂಡುದನ್ನು ನ್ಯಾಯಾಲಯವು ಮದುವೆಯೆಂದು ಕಾಣಲಿಲ್ಲ. ಬಿಡುಗಡೆಯ ಸ್ವಾತಂತ್ರ್ಯವಿದ್ದಿತು, ಆದರೆ ಹೆಂಡತಿಯೆಂಬ ನೆಲೆಯಲ್ಲಿ ಗಂಡನ ಮೇಲೆ ಹೂಡಬಹುದಾದ ಹಕ್ಕು ಬಹಳ ದುರ್ಬಲವಾಗಿದ್ದಿತು. ಕುಟುಂಬದ ಮನೆಯು ಸಮೃದ್ಧವಾಗಿದ್ದಾಗ ಈ ಕೊರತೆ ತಿಳಿಯುತ್ತಿರಲಿಲ್ಲ. ಮನೆಯು ಬಡವಾಗಿದ್ದಾಗ ಅಥವಾ ಯಜಮಾನನು ನಿರ್ದಯನಾಗಿದ್ದಾಗ ಅದರ ಭಾರವೆಲ್ಲ ಆ ಹೆಂಗಸಿನ ಮೇಲೆಯೇ ಬೀಳುತ್ತಿತ್ತು.

ಮಕ್ಕಳಸಂತಾನದವರ ಸ್ಥಿತಿ ಇದಕ್ಕೆ ತೀರ ವಿರುದ್ಧವಾದುದು. ಅಲ್ಲಿ ವಿವಾಹವು ಸಂಸ್ಕಾರ; ರೂಢಿಯು ಅನುಮತಿಸಿದ ಜಾತಿಗಳಲ್ಲಿ ಹೊರತು ವಿಚ್ಛೇದನಕ್ಕೆ ಅವಕಾಶವಿರಲಿಲ್ಲ. ಗಂಡನು ಎರಡನೆಯ ಮದುವೆಯಾಗಬಹುದಿತ್ತು, ಹೆಂಡತಿಗೆ ಬಿಡುಗಡೆಯಿರಲಿಲ್ಲ. ಪ್ರತ್ಯೇಕ ವಾಸ ಮತ್ತು ಜೀವನಾಂಶದ ಹಕ್ಕನ್ನು ಹಿಂದೂ ವಿವಾಹಿತೆಯರಿಗೆ ಸ್ಪಷ್ಟವಾಗಿ ನೀಡಿದ ಕೇಂದ್ರ ಶಾಸನವು ಬಂದುದು ೧೯೪೬ರಲ್ಲಿ.

೨. ಶಾಸನಗಳ ಕಾಲ

ಮಲಬಾರ್ ವಿವಾಹ ಆಯೋಗವು ೧೮೯೧ರಲ್ಲಿ ವಿಚಾರಣೆ ನಡೆಸಿದ ತರುವಾಯ ೧೮೯೬ರಲ್ಲಿ ಒಂದು ಕಾಯಿದೆಯು ಜಾರಿಗೆ ಬಂದಿತು. ಇಷ್ಟವುಳ್ಳವರು ತಮ್ಮ ಸಂಬಂಧವನ್ನು ವಿವಾಹವೆಂದು ನೋಂದಾಯಿಸಿಕೊಳ್ಳಬಹುದೆಂಬುದು ಅದರ ಸಾರ. ಆದರೆ ನೋಂದಾಯಿಸಿಕೊಂಡವರು ಅತ್ಯಲ್ಪ. ನಿಜವಾದ ಬದಲಾವಣೆ ಬಂದುದು ೧೯೪೯ರಲ್ಲಿ. ಆ ವರ್ಷದ ಮದ್ರಾಸ್ ಅಳಿಯಸಂತಾನ ಕಾಯಿದೆಯು ಈ ವಿವಾಹಗಳಿಗೆ ಶಾಸನದ ಮಾನ್ಯತೆಯನ್ನಿತ್ತು, ಅವುಗಳ ವಿಚ್ಛೇದನಕ್ಕೂ ಒಂದು ಕ್ರಮವನ್ನು ಗೊತ್ತುಮಾಡಿತು. ಅದೇ ವರ್ಷದ ಇನ್ನೊಂದು ಮದ್ರಾಸ್ ಕಾಯಿದೆಯು ಉಳಿದ ಹಿಂದೂಗಳಲ್ಲಿ ದ್ವಿಪತ್ನಿತ್ವವನ್ನು ನಿಷೇಧಿಸಿ ವಿಚ್ಛೇದನಕ್ಕೆ ದಾರಿ ತೆರೆಯಿತು. ಶಿರೂರಿನ ಆಚೆಗಿನ ಭಟ್ಕಳವು ೧೮೬೨ರಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಅಲ್ಲಿ ೧೯೪೭ರ ಮುಂಬಯಿ ವಿಚ್ಛೇದನ ಕಾಯಿದೆಯು ಅನ್ವಯಿಸುತ್ತಿತ್ತು. ಒಂದೇ ಕರಾವಳಿಯಲ್ಲಿ ಗಡಿಗಲ್ಲನ್ನು ದಾಟಿದೊಡನೆ ದಾಂಪತ್ಯದ ನಿಯಮವೂ ಬದಲಾಗುತ್ತಿದ್ದ ಕಾಲವದು.

೧೯೫೫ರ ಹಿಂದೂ ವಿವಾಹ ಕಾಯಿದೆಯು ಈ ಭೇದಗಳನ್ನು ಬಹುಮಟ್ಟಿಗೆ ನಿವಾರಿಸಿತು. ರೂಢಿಯಿಂದ ಅಥವಾ ವಿಶೇಷ ಶಾಸನದಿಂದ ದೊರೆತ ವಿಚ್ಛೇದನದ ಹಕ್ಕುಗಳನ್ನು ಅದರ ೨೯ನೆಯ ಕಲಮು ಉಳಿಸಿಕೊಂಡಿತೆಂಬುದನ್ನು ಇಲ್ಲಿ ಮರೆಯಬಾರದು. ಆದರೆ ರೂಢಿಯನ್ನು ಆಧರಿಸುವವರು ಅದು ಪುರಾತನವಾದುದೆಂದೂ ಅವಿಚ್ಛಿನ್ನವಾಗಿ ನಡೆದುಬಂದುದೆಂದೂ ಸಾಕ್ಷ್ಯದಿಂದ ಸಿದ್ಧಪಡಿಸಬೇಕು. ಹಿರಿಯರ ಮುಂದೆ ಕಾಗದ ಬರೆದುಕೊಂಡ ಮಾತ್ರಕ್ಕೆ ವಿವಾಹವು ಮುರಿಯಿತೆಂದು ನಂಬಿ ಮರುಮದುವೆಯಾದವರು ಮುಂದೆ ಸಂಕಟಕ್ಕೆ ಸಿಲುಕುವ ಸಂಭವವುಂಟು. ಕ್ರೌರ್ಯ ಮತ್ತು ಎರಡು ವರ್ಷಗಳ ಪರಿತ್ಯಾಗ ಇವು ವಿಚ್ಛೇದನಕ್ಕೆ ಕಾರಣಗಳಾದುದೂ, ಪರಸ್ಪರ ಸಮ್ಮತಿಯ ವಿಚ್ಛೇದನವು ಈ ಕಾಯಿದೆಯೊಳಗೆ ಸೇರಿದುದೂ ೧೯೭೬ರ ತಿದ್ದುಪಡಿಯಿಂದ.

೩. ವಿವಾದಿತ ಅರ್ಜಿಯ ಮಾರ್ಗ

ಈ ಸೀಮೆಯವರು ಹೋಟೆಲು ಮೊದಲಾದ ಉದ್ಯಮಗಳಿಗಾಗಿ ಮುಂಬಯಿ, ಬೆಂಗಳೂರುಗಳಿಗೆ ವಲಸೆ ಹೋಗಿರುವುದು ಸರ್ವವಿದಿತ. ಆದಕಾರಣ ಅರ್ಜಿಯನ್ನು ಎಲ್ಲಿ ಸಲ್ಲಿಸಬೇಕೆಂಬುದೇ ಇಲ್ಲಿ ಮೊದಲನೆಯ ಪ್ರಶ್ನೆ. ವಿವಾಹ ನಡೆದ ಸ್ಥಳ, ಎದುರು ಪಕ್ಷದವರು ವಾಸಿಸುವ ಸ್ಥಳ, ದಂಪತಿಗಳು ಕೊನೆಯದಾಗಿ ಒಟ್ಟಿಗೆ ವಾಸಿಸಿದ ಸ್ಥಳ ಇವುಗಳ ನ್ಯಾಯಾಲಯಗಳಿಗೆ ಅಧಿಕಾರವುಂಟು. ಅರ್ಜಿದಾರಳಾದ ಪತ್ನಿಯು ತಾನು ವಾಸಿಸುವ ಸ್ಥಳದಲ್ಲಿಯೂ ಅರ್ಜಿ ಹಾಕಬಹುದೆಂದು ೨೦೦೩ರಲ್ಲಿ ಸೇರಿಸಲಾಯಿತು. ಹೆಮ್ಮಾಡಿಯ ತವರುಮನೆಯಲ್ಲಿರುವ ಸ್ತ್ರೀಗೆ ಈ ತಿದ್ದುಪಡಿಯ ಬೆಲೆ ಎಷ್ಟೆಂಬುದನ್ನು ವಿವರಿಸಬೇಕಾಗಿಲ್ಲ.

ಗಂಡನೇ ಮುಂಬಯಿಯಲ್ಲಿ ಮೊದಲು ಅರ್ಜಿ ಹಾಕಿದ್ದರೆ ಆಕೆಗೆ ಸಮನ್ಸು ಬರುತ್ತದೆ. ನಮ್ಮ ಕಡೆ ಕೋರ್ಟಿನ ನಂಬ್ರವೆಂದರೆ ಮನೆತನಕ್ಕೆ ಅವಮಾನವೆಂಬ ಭಾವನೆಯುಂಟು. ಸಮನ್ಸನ್ನು ತೆಗೆದುಕೊಳ್ಳದಿದ್ದರೆ ಮೊಕದ್ದಮೆಯೇ ನಿಲ್ಲುವುದೆಂಬ ತಪ್ಪು ತಿಳಿವಳಿಕೆಯೂ ಉಂಟು. ವಾಸ್ತವವಾಗಿ, ಹಾಜರಾಗದವರ ವಿರುದ್ಧ ಏಕಪಕ್ಷೀಯವಾಗಿ ಡಿಕ್ರಿಯಾಗಬಹುದು. ಅದನ್ನು ರದ್ದುಪಡಿಸುವಂತೆ ಕೇಳಲು ಅವಧಿಯು ಕೇವಲ ೩೦ ದಿನಗಳು. ಸಮನ್ಸು ಕ್ರಮವಾಗಿ ಜಾರಿಯಾಗದಿದ್ದ ಪಕ್ಷದಲ್ಲಿ ಡಿಕ್ರಿಯ ಸಂಗತಿ ತಿಳಿದ ದಿನದಿಂದ ಈ ಅವಧಿಯನ್ನು ಎಣಿಸಬೇಕು. ದೂರದ ನ್ಯಾಯಾಲಯಕ್ಕೆ ಹೋಗಲಾಗದವರು ವರ್ಗಾವಣೆಯನ್ನು ಬೇಡಬಹುದು. ಎರಡೂ ಊರುಗಳು ಕರ್ನಾಟಕದೊಳಗೇ ಇದ್ದರೆ ಹೈಕೋರ್ಟಿನಲ್ಲಿ, ಬೇರೆ ರಾಜ್ಯವಾದರೆ ಸುಪ್ರೀಂ ಕೋರ್ಟಿನಲ್ಲಿ ಇದಕ್ಕೆ ಅರ್ಜಿ ಸಲ್ಲಬೇಕು.

ಹಾಜರಾದ ಮೇಲೆ ಎದುರು ಪಕ್ಷದವರು ಲಿಖಿತ ಹೇಳಿಕೆಯನ್ನು ಸಲ್ಲಿಸುತ್ತಾರೆ. ಸಿವಿಲ್ ಪ್ರಕ್ರಿಯಾ ಸಂಹಿತೆಯು ಇದಕ್ಕೆ ೩೦ ದಿನಗಳನ್ನು ನೀಡುತ್ತದೆ; ಸಕಾರಣವಿದ್ದರೆ ನ್ಯಾಯಾಲಯವು ೯೦ ದಿನಗಳವರೆಗೆ ವಿಸ್ತರಿಸಬಹುದು. ಸಂಧಾನಕ್ಕೆ ಯತ್ನಿಸುವುದು ನ್ಯಾಯಾಲಯದ ಕರ್ತವ್ಯವಾಗಿದೆ. ಅದು ವಿಫಲವಾದರೆ ವಿವಾದಾಂಶಗಳನ್ನು ರಚಿಸಿ ಸಾಕ್ಷ್ಯವನ್ನು ದಾಖಲಿಸಲಾಗುತ್ತದೆ, ಪಾಟೀಸವಾಲು ನಡೆಯುತ್ತದೆ, ಬಳಿಕ ವಾದ, ತೀರ್ಪು. ಡಿಕ್ರಿಯ ಮೇಲೆ ಅಪೀಲು ಹೋಗಬಹುದಾಗಿದ್ದು, ಅಪೀಲಿನ ಅವಧಿ ಕಳೆಯುವ ಮುನ್ನ ಅಥವಾ ಅಪೀಲು ವಜಾ ಆಗುವ ಮುನ್ನ ಮರುಮದುವೆಯಾಗುವಂತಿಲ್ಲ.

ಪ್ರಮಾಣದ ವಿಷಯದಲ್ಲಿ ೧೯೭೫ರ ದಾಸ್ತಾನೆ ಮೊಕದ್ದಮೆಯು ಮುಖ್ಯವಾದುದು. ಕ್ರೌರ್ಯವನ್ನು ಫೌಜುದಾರಿ ಅಪರಾಧದಂತೆ ಸಂದೇಹಾತೀತವಾಗಿ ಸಿದ್ಧಪಡಿಸಬೇಕಾಗಿಲ್ಲ, ಸಂಭವನೀಯತೆಯು ಯಾವ ಕಡೆಗೆ ಹೆಚ್ಚು ಎಂಬುದನ್ನು ನೋಡಿದರೆ ಸಾಕೆಂದು ಸುಪ್ರೀಂ ಕೋರ್ಟು ಅದರಲ್ಲಿ ನಿರ್ಣಯಿಸಿತು. ದಾಂಪತ್ಯವು ಸರಿಪಡಿಸಲಾಗದಂತೆ ಮುರಿದಿದೆಯೆಂಬುದೊಂದೇ ಕಾರಣದಿಂದ ಕೆಳಗಿನ ನ್ಯಾಯಾಲಯಗಳು ವಿಚ್ಛೇದನ ನೀಡಲಾರವು. ಸಂವಿಧಾನದ ೧೪೨ನೆಯ ವಿಧಿಯ ಮೇರೆಗೆ ತಾನು ಹಾಗೆ ನೀಡಬಹುದೆಂದು ಸುಪ್ರೀಂ ಕೋರ್ಟು ೨೦೨೩ರಲ್ಲಿ ತೀರ್ಮಾನಿಸಿದೆ. ಆದುದರಿಂದ ಬಹು ವರ್ಷಗಳಿಂದ ಬೇರೆಯಾಗಿರುವವರೂ ಕಾಯಿದೆಯು ಹೇಳುವ ಕಾರಣವೊಂದನ್ನು ಸಾಕ್ಷ್ಯದಿಂದ ತೋರಿಸಲೇಬೇಕು.

೪. ವಕೀಲರ ನಿಯುಕ್ತಿ

ಹಿರಿಯರ ಕೂಟದಲ್ಲಿ ಇಲ್ಲದಿದ್ದ ವಕೀಲರು ಇಲ್ಲಿ ಅವಶ್ಯಕರಾದುದು ಈ ಸಾಕ್ಷ್ಯದ ಹೊರೆಯಿಂದ. ೧೯೮೪ರ ಕೌಟುಂಬಿಕ ನ್ಯಾಯಾಲಯಗಳ ಕಾಯಿದೆಯು ವಕೀಲರ ಮೂಲಕ ಹಾಜರಾಗುವುದನ್ನು ಪಕ್ಷಗಾರರ ಹಕ್ಕೆಂದು ಒಪ್ಪಿಲ್ಲ. ಪಕ್ಷಗಾರರು ತಾವೇ ಮಾತನಾಡಲೆಂಬುದು ಅದರ ಆಶಯ. ಆದರೂ ವಿವಾದಿತ ಮೊಕದ್ದಮೆಗಳಲ್ಲಿ ಅನುಮತಿ ಪಡೆದು ವಕೀಲರನ್ನು ನೇಮಿಸಿಕೊಳ್ಳುವುದೇ ರೂಢಿಯಾಗಿದೆ.

ವಕಾಲತ್ತು ಎಂಬುದು ಅಧಿಕಾರ ಪತ್ರ. ಅದಕ್ಕೆ ಸಹಿ ಹಾಕುವವರು ಮೊದಲು ಓದಿ ನೋಡಬೇಕು. ರಾಜಿಗೆ ಒಪ್ಪುವ ಅಧಿಕಾರವನ್ನೂ ಅದರಲ್ಲಿ ಕೊಟ್ಟಿರುವುದುಂಟು. ನೇಮಿಸುವ ಮುನ್ನ ವಿಚಾರಿಸಬೇಕಾದವು ಕೆಲವೇ ಸಂಗತಿಗಳು: ಇಂತಹ ಮೊಕದ್ದಮೆಗಳನ್ನು ಅವರು ನಡೆಸಿರುವರೇ, ಪಾಟೀಸವಾಲನ್ನು ತಾವೇ ಮಾಡುವರೇ ಅಥವಾ ಕಿರಿಯರಿಗೆ ಒಪ್ಪಿಸುವರೇ, ಫೀಜನ್ನು ಒಟ್ಟಾಗಿ ಪಡೆಯುವರೇ ಅಥವಾ ಹಂತಹಂತವಾಗಿಯೇ, ಟೈಪು ನಕಲುಗಳ ಖರ್ಚು ಅದರಲ್ಲಿ ಸೇರಿದೆಯೇ. ಇವುಗಳನ್ನು ಬರೆದಿಟ್ಟುಕೊಂಡು ರಸೀದಿ ಪಡೆಯುವುದು ಉಭಯರಿಗೂ ಹಿತಕರ. ಮೊಕದ್ದಮೆಯ ಫಲಿತಾಂಶದ ಮೇಲೆ ಫೀಜನ್ನು ಗೊತ್ತುಮಾಡುವುದನ್ನೂ, ದೊರೆಯುವ ಹಣದಲ್ಲಿ ಪಾಲು ಕೇಳುವುದನ್ನೂ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಜಯವು ಖಂಡಿತವೆಂದು ಭರವಸೆ ಕೊಡುವವರಿಂದ ದೂರವಿರುವುದು ಲೇಸು. ವಕೀಲರನ್ನು ಬದಲಾಯಿಸಬೇಕಾಗಿ ಬಂದರೆ, ಫೀಜು ಬಾಕಿಯಿದೆಯೆಂಬ ಕಾರಣಕ್ಕೆ ಅವರು ಕಡತವನ್ನು ತಡೆಹಿಡಿಯುವಂತಿಲ್ಲವೆಂದು ಸುಪ್ರೀಂ ಕೋರ್ಟು ೨೦೦೦ದಲ್ಲಿ ಸ್ಪಷ್ಟಪಡಿಸಿದೆ.

ಹಣವಿಲ್ಲದವರಿಗೆ ಎರಡು ಮಾರ್ಗಗಳಿವೆ. ಹಿಂದೂ ವಿವಾಹ ಕಾಯಿದೆಯ ೨೪ನೆಯ ಕಲಮಿನಂತೆ, ಸಾಕಷ್ಟು ಸ್ವಂತ ಆದಾಯವಿಲ್ಲದ ಪತ್ನಿ ಅಥವಾ ಪತಿಯು ಮಧ್ಯಂತರ ಜೀವನಾಂಶದೊಡನೆ ಮೊಕದ್ದಮೆಯ ಖರ್ಚನ್ನೂ ಎದುರು ಪಕ್ಷದಿಂದ ಕೇಳಬಹುದು. ಇಬ್ಬರೂ ತಮ್ಮ ಆಸ್ತಿ, ಆದಾಯ, ಹೊಣೆಗಳ ಪ್ರಮಾಣಪತ್ರ ಸಲ್ಲಿಸಬೇಕೆಂದು ೨೦೨೦ರಲ್ಲಿ ರಜನೀಶ್ ಮತ್ತು ನೇಹಾ ಮೊಕದ್ದಮೆಯಲ್ಲಿ ವಿಧಿಸಲಾಗಿದೆ. ಎರಡನೆಯದು ೧೯೮೭ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ. ಅದರ ೧೨ನೆಯ ಕಲಮಿನ ಮೇರೆಗೆ ಸ್ತ್ರೀಯರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟು ವಕೀಲರನ್ನು ಪಡೆಯಬಹುದು. ಈ ಹಕ್ಕು ಶಿಕ್ಷಿತರಲ್ಲಿಯೂ ಅನೇಕರಿಗೆ ತಿಳಿಯದಿರುವುದು ವಿಷಾದಕರ.

ವಕೀಲರಿಗೆ ಒಪ್ಪಿಸಲಾಗದ ಕೆಲಸವೊಂದುಂಟು. ಅದು ಸತ್ಯವನ್ನು ಕ್ರಮವಾಗಿ ಹೇಳುವುದು. ಮದುವೆಯ ದಿನ, ಅಗಲಿದ ದಿನ, ನಡುವಣ ಘಟನೆಗಳು, ಆಗ ಇದ್ದವರು, ಕೊಟ್ಟ ಆಭರಣ, ಕಳುಹಿಸಿದ ಹಣ ಇವುಗಳ ಪಟ್ಟಿಯನ್ನು ಪಕ್ಷಗಾರರೇ ಸಿದ್ಧಪಡಿಸಬೇಕು. ತಮಗೆ ಪ್ರತಿಕೂಲವಾದ ಸಂಗತಿಗಳನ್ನೂ ಮುಚ್ಚಿಡಬಾರದು. ವಕೀಲರಿಗೆ ಹೇಳಿದ ಮಾತಿಗೆ ಕಾಯಿದೆಯ ರಕ್ಷಣೆಯಿದೆ. ಮುಚ್ಚಿಟ್ಟ ಸಂಗತಿಯು ಪಾಟೀಸವಾಲಿನಲ್ಲಿ ಹೊರಬಿದ್ದರೆ ಉಳಿದ ನಿಜವಾದ ಮಾತುಗಳ ಮೇಲಿನ ನಂಬಿಕೆಯೂ ಕುಂದುತ್ತದೆ.

ಉಪಸಂಹಾರ

ಹಿಂದಿನ ಬಿಡುಗಡೆಯು ಸುಲಭವಾಗಿದ್ದಿತು, ಈಗಿನದು ಕಷ್ಟವಾಯಿತು ಎಂದು ಹೇಳುವುದು ಅರ್ಧ ಸತ್ಯ ಮಾತ್ರ. ಅಂದಿನ ಸುಲಭತೆಯು ಕುಟುಂಬದ ಮನೆಯನ್ನು ಅವಲಂಬಿಸಿತ್ತು. ಭೂಮಿಯು ಪಾಲಾಗಿ ಮನೆಗಳು ಚದುರಿದ ಬಳಿಕ, ಹೊರಬಂದ ಹೆಣ್ಣನ್ನು ಸಹಜವಾಗಿ ಬರಮಾಡಿಕೊಳ್ಳುವ ಆ ಆಶ್ರಯವು ಉಳಿದಿಲ್ಲ. ಆಶ್ರಯದ ಸ್ಥಾನದಲ್ಲಿ ಹಕ್ಕು ಬಂದಿದೆ. ಆ ಹಕ್ಕನ್ನು ಕೇಳಿ, ಸಿದ್ಧಪಡಿಸಿ ಪಡೆಯಬೇಕಾಗಿದೆ.

ಇತಿಹಾಸದ ವಿದ್ಯಾರ್ಥಿಗಳು ಇನ್ನೊಂದು ಅಂಶವನ್ನೂ ಗಮನಿಸಬೇಕೆಂದು ನಾವು ಬಯಸುತ್ತೇವೆ. ಹಿರಿಯರ ಸಮಕ್ಷಮದಲ್ಲಿ ನಡೆದ ಬಿಡುಗಡೆಗಳಲ್ಲಿ ಆ ಹೆಣ್ಣು ಏನೆಂದಳೆಂಬುದು ಸಾಮಾನ್ಯವಾಗಿ ಬರೆಹಕ್ಕೆ ಇಳಿಯಲಿಲ್ಲ. ನ್ಯಾಯಾಲಯದ ಕಡತಗಳಲ್ಲಿ, ವಕೀಲರ ಭಾಷೆಯ ಹೊದಿಕೆಯೊಳಗಾದರೂ, ಆಕೆಯ ಮಾತು ಆಕೆಯ ಹೆಸರಿನಲ್ಲಿಯೇ ದಾಖಲಾಗಿದೆ. ಸಮನ್ಸಿಗೆ ಉತ್ತರ ಕೊಡದೆ ಉಳಿದವಳ ಕಡತದಲ್ಲಿಯಾದರೋ ಎದುರು ಪಕ್ಷದ ಹೇಳಿಕೆಯೊಂದೇ ಇರುತ್ತದೆ.