ಇದೆಯೋ, ಇಲ್ಲವೋ? ಉಪಗಣಗಳನ್ನು ಎಣಿಸುವ ಬಗೆ



ಗಣಿತದ ಸ್ಪರ್ಧೆಗಳಲ್ಲಿ ಇಂಥದೊಂದು ಪ್ರಶ್ನೆ ಬರುವುದುಂಟು: 1ರಿಂದ 10ರವರೆಗಿನ ಸಂಖ್ಯೆಗಳ ಗಣದಲ್ಲಿ, ಮೊತ್ತವು ಬೆಸಸಂಖ್ಯೆಯಾಗುವ ಉಪಗಣಗಳು ಎಷ್ಟು? ಪಟ್ಟಿ ಮಾಡುತ್ತ ಕುಳಿತರೆ ಪರೀಕ್ಷೆಯ ಸಮಯ ಮುಗಿದರೂ ಪಟ್ಟಿ ಮುಗಿಯದು.

ಮೊದಲು ಒಂದು ಚಿಕ್ಕ ಲೆಕ್ಕ ನೋಡೋಣ. ತಿ. ನರಸೀಪುರ ತಾಲ್ಲೂಕಿನ ತಲಕಾಡು ಪಂಚಲಿಂಗಗಳಿಗೆ ಹೆಸರಾದದ್ದು: ವೈದ್ಯನಾಥೇಶ್ವರ, ಪಾತಾಳೇಶ್ವರ, ಮರುಳೇಶ್ವರ, ಅರ್ಕೇಶ್ವರ ಮತ್ತು ಮುಡುಕುತೊರೆಯ ಮಲ್ಲಿಕಾರ್ಜುನ. ಅಲ್ಲಿಗೆ ಹೋದವರು ಪ್ರತಿಯೊಂದು ಗುಡಿಯನ್ನೂ ನೋಡಬಹುದು, ಇಲ್ಲವೇ ಬಿಡಬಹುದು. ಗುಡಿಗೆ ಎರಡರಂತೆ ಆಯ್ಕೆಗಳು 2×2×2×2×2, ಅಂದರೆ 32. ಹತ್ತು ಸಂಖ್ಯೆಗಳಿಗೆ ಇದೇ ರೀತಿ ಹತ್ತು ಸಲ ಎರಡನ್ನು ಗುಣಿಸಿದರೆ 1024 ಉಪಗಣಗಳು.

ಇವುಗಳಲ್ಲಿ ಬೆಸ ಮೊತ್ತದವು ಎಷ್ಟು? 1 ಎಂಬ ಸಂಖ್ಯೆಯೊಂದನ್ನೇ ಗಮನಿಸಿ. 4 ಮತ್ತು 6 ಇರುವ ಉಪಗಣದ ಮೊತ್ತ 10, ಸಮ. ಅದಕ್ಕೆ 1 ಸೇರಿಸಿದರೆ 11, ಬೆಸ. ಹೀಗೆ 1 ಇಲ್ಲದ ಪ್ರತಿ ಉಪಗಣಕ್ಕೂ 1 ಇರುವ ಒಂದು ಜೊತೆ ಸಿಗುತ್ತದೆ. ಪ್ರತಿ ಜೊತೆಯಲ್ಲೂ ಒಂದು ಸಮ, ಒಂದು ಬೆಸ. ಜೊತೆಗಳು 512, ಆದ್ದರಿಂದ ಉತ್ತರವೂ 512. ಒಂದರ ಬದಲು 3 ಅಥವಾ 7ನ್ನು ಹಿಡಿದರೂ ಇದೇ ಉತ್ತರ. ಆದರೆ 2ನ್ನು ಹಿಡಿದರೆ ಈ ಉಪಾಯ ನಡೆಯದು. ಏಕೆಂದು ಯೋಚಿಸಿ.

ಏನನ್ನೂ ಆರಿಸದ ಶೂನ್ಯಗಣವೂ ಈ ಲೆಕ್ಕದಲ್ಲಿ ಸೇರಿದೆ. ಎಲ್ಲ ಪ್ರಶ್ನೆಗಳಲ್ಲೂ ಅದು ಸೇರುವುದಿಲ್ಲ. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ತಮ್ಮ ‘ಗಣಿತಸಾರಸಂಗ್ರಹ’ದಲ್ಲಿ ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎಂಬ ಆರು ರುಚಿಗಳು ಎಷ್ಟು ಬಗೆಯಲ್ಲಿ ಕೂಡುತ್ತವೆ ಎಂದು ಕೇಳಿದ್ದಾರೆ. ಆಯ್ಕೆಗಳು 64. ಆದರೆ ಯಾವ ರುಚಿಯೂ ಇಲ್ಲದ್ದು ರುಚಿಯಲ್ಲ, ಉತ್ತರ 63. ಹಲವರು ಅಂಕ ಕಳೆದುಕೊಳ್ಳುವುದು ಈ ಒಂದರಲ್ಲೇ. ಪ್ರಶ್ನೆಯ ಮಾತುಗಳನ್ನು ಎರಡು ಸಲ ಓದಿ.

ಇನ್ನು ನಿಮ್ಮ ಸರದಿ. ನಂಜನಗೂಡಿನ ದೊಡ್ಡ ಜಾತ್ರೆಯ ಐದು ತೇರುಗಳು ಸಾಲಾಗಿ ನಿಂತಿವೆ ಎಂದುಕೊಳ್ಳಿ. ಅಕ್ಕಪಕ್ಕದ ಎರಡು ತೇರುಗಳು ಒಟ್ಟಿಗೆ ಬಾರದಂತೆ ಎಷ್ಟು ಬಗೆಯಲ್ಲಿ ಆರಿಸಬಹುದು? ಒಂದನ್ನೂ ಆರಿಸದಿರುವುದೂ ಒಂದು ಬಗೆ. ಕೊನೆಯ ತೇರು ಇದೆಯೋ, ಇಲ್ಲವೋ ಎಂದು ಕೇಳಿ. ಇಲ್ಲವಾದರೆ ಉಳಿಯುವುದು ಮೊದಲ ನಾಲ್ಕರ ಲೆಕ್ಕ. ಇದ್ದರೆ ನಾಲ್ಕನೆಯದನ್ನು ಬಿಟ್ಟು ಮೊದಲ ಮೂರರ ಲೆಕ್ಕ. ಒಂದು ತೇರಿಗೆ 2, ಎರಡಕ್ಕೆ 3. ಆದ್ದರಿಂದ ಮೂರಕ್ಕೆ 5, ನಾಲ್ಕಕ್ಕೆ 8, ಐದಕ್ಕೆ 13.

ತೇರುಗಳು ಹತ್ತಾದರೆ? ಕಾಗದ, ಪೆನ್ಸಿಲ್ ಹಿಡಿದು ನೀವೇ ಮುಂದುವರಿಸಿ. 144 ಬಂದರೆ ನಿಮ್ಮ ದಾರಿ ಸರಿಯಾಗಿದೆ.