ಬೆಂಕಿಯಿಲ್ಲದ ಉರಿ

ರಾತ್ರಿ ಹನ್ನೊಂದಾದರೆ ದೊಡ್ಡಮ್ಮ ಹಾಸಿಗೆಯಿಂದೆದ್ದು ಬಂದು ನಡುಮನೆಯ ಕೆಂಪು ಗಾರೆ ನೆಲಕ್ಕೆ ಅಂಗಾಲು ಒತ್ತಿ ಕೂರುತ್ತಾರೆ. ಹೊದಿಕೆಯ ಅಂಚು ಸೋಕಿದರೂ ಸಾಕು, ಉರಿ. ‘ಮೆಣಸಿನಕಾಯಿ ಅರೆದು ಹಚ್ಚಿದ ಹಾಗಾಗುತ್ತೆ ಕಣೇ’ ಅನ್ನುತ್ತಾರೆ. ಮುಟ್ಟಿದರೆ ಪಾದ ತಣ್ಣಗಿರುತ್ತದೆ. ಇಪ್ಪತ್ತು ವರ್ಷದ ಶುಗರ್ ಅವರದು. ಇದೆಲ್ಲ ಮನಸ್ಸಿನ ಭ್ರಮೆ ಎಂದವರೂ ಇದ್ದಾರೆ. ಆ ಮಾತು ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ.

ಏಕೆಂದರೆ ಅವರ ಮೆಣಸಿನಕಾಯಿಯ ಮಾತು ಬರೀ ಹೋಲಿಕೆಯಲ್ಲ. ನೋವಿನ ನರದ ತುದಿಯಲ್ಲಿ ಟಿಆರ್‌ಪಿವಿ1 ಎಂಬ ಪ್ರೋಟೀನಿನ ಬಾಗಿಲಿದೆ. 1997ರಲ್ಲಿ ಅದನ್ನು ಗುರುತಿಸಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಹಂಚಿಕೊಂಡರು. ಮೆಣಸಿನಕಾಯಿಯ ಖಾರಕ್ಕೂ ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೂ ತೆರೆಯುವುದು ಅದೇ ಬಾಗಿಲು. ಹಾಗಿದ್ದರೆ ತಣ್ಣನೆಯ ಪಾದದಲ್ಲಿ ಅದನ್ನು ತೆರೆಯುವವರು ಯಾರು?

ಅನುಮಾನ ಹೋಗುವ ಕಿಣ್ವಗಳಲ್ಲಿ ಒಂದು ಪ್ರೋಟೀನ್ ಕೈನೇಸ್ ಸಿ. 1977ರಲ್ಲಿ ಜಪಾನಿನ ಕೋಬೆಯಲ್ಲಿ ಯಸುತೋಮಿ ನಿಶಿಝುಕಾ ಅವರ ತಂಡ ಕಂಡುಹಿಡಿದದ್ದು. ಜೀವಕೋಶದೊಳಗೆ ಸುದ್ದಿ ಮುಟ್ಟಿಸುವುದು ಇದರ ಕೆಲಸ. ಬೇರೆ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸಿ ಅವುಗಳ ನಡವಳಿಕೆಯನ್ನೇ ಬದಲಿಸುತ್ತದೆ. ರಕ್ತದಲ್ಲಿ ಸಕ್ಕರೆ ಏರಿದಾಗ ನರಗಳಿಗೆ ರಕ್ತ ಒದಗಿಸುವ ಸಣ್ಣ ನಾಳಗಳಲ್ಲಿ ಇದು ಕೆರಳುತ್ತದೆ, ನರ ಸೊರಗುತ್ತದೆ. ನೋವಿನ ನರದಲ್ಲಿ ಇದೇ ಕಿಣ್ವ ಆ ಬಾಗಿಲಿಗೆ ಫಾಸ್ಫೇಟ್ ಅಂಟಿಸಿದರೆ ಅಗುಳಿ ಸಡಿಲವಾಗುತ್ತದೆ; 43 ಡಿಗ್ರಿ ಬೇಕಿಲ್ಲ, ಮೈಯ ಸಹಜ ಬಿಸಿಯೇ ಸಾಕಾಗಬಹುದು. ಮಧುಮೇಹವಿರುವ ಇಲಿಗಳಲ್ಲಿ ಈ ಕಿಣ್ವವನ್ನು ತಡೆದಾಗ ನೋವು ತಗ್ಗಿದೆ.

ಮನುಷ್ಯರಲ್ಲಿ ಅಷ್ಟು ಸುಲಭವಾಗಲಿಲ್ಲ. ಕಿಣ್ವದ ಬೀಟಾ ರೂಪವನ್ನು ತಡೆಯುವ ರುಬಾಕ್ಸಿಸ್ಟಾರಿನ್ ಎಂಬ ಔಷಧಿ ಬಹಳ ಆಸೆ ಹುಟ್ಟಿಸಿತ್ತು, ಆದರೆ ನರದ ಕಾಯಿಲೆಯ ದೊಡ್ಡ ಪರೀಕ್ಷೆಗಳಲ್ಲಿ ಗೆಲ್ಲಲಿಲ್ಲ. ಈ ಕಿಣ್ವಕ್ಕೆ ಹಲವು ರೂಪಗಳಿವೆ, ಜೊತೆಗೆ ಪಿ38ನಂಥ ಬೇರೆ ಕೈನೇಸುಗಳೂ ಇವೆ. ಒಂದನ್ನು ಕಟ್ಟಿಹಾಕಿದರೆ ಸಾಲದೇನೋ. ಈಗ ಕೊಡುವ ಪ್ರಿಗಾಬಲಿನ್, ಡ್ಯುಲಾಕ್ಸೆಟಿನ್ ನೋವಿನ ಸುದ್ದಿಯನ್ನು ತಗ್ಗಿಸುತ್ತವೆ, ಮೂಲಕ್ಕೆ ಕೈ ಹಾಕುವುದಿಲ್ಲ. 2020ರಲ್ಲಿ ಅಮೆರಿಕ ಪಾದದ ಈ ನೋವಿಗೆ ಒಪ್ಪಿಗೆ ಕೊಟ್ಟ, ಚರ್ಮಕ್ಕೆ ಅಂಟಿಸುವ ಪಟ್ಟಿಯಲ್ಲಿರುವುದು ಮೆಣಸಿನಕಾಯಿಯದೇ ಖಾರ, ಶೇ 8ರಷ್ಟು ಕ್ಯಾಪ್ಸೈಸಿನ್. ಆ ತೀವ್ರತೆಗೆ ನರದ ತುದಿಯೇ ಕೆಲಕಾಲ ಸುಮ್ಮನಾಗುತ್ತದೆ.

ಉರಿಯುವ ಪಾದವೇ ಮರಗಟ್ಟಿಯೂ ಇರುತ್ತದೆ. ಕೆಲವು ನರತಂತುಗಳು ಸತ್ತಿರುತ್ತವೆ, ಉಳಿದವು ಕೂಗುತ್ತಿರುತ್ತವೆ. ಅದಕ್ಕೇ ದಿನಾ ಮಲಗುವ ಮುಂಚೆ ಟಾರ್ಚ್ ಹಿಡಿದು ದೊಡ್ಡಮ್ಮನ ಅಂಗಾಲು ನೋಡುತ್ತೇನೆ. ಮೊನ್ನೆ ಹಿಮ್ಮಡಿಯಲ್ಲಿ ಪೊರಕೆ ಕಡ್ಡಿಯ ಚೂರು ಮುರಿದು ನಿಂತಿತ್ತು. ಅವರಿಗೆ ಗೊತ್ತೇ ಇರಲಿಲ್ಲ.